ಹದಿನೇಳನೇ ನಂಬರಿನ ಎರಡು ಚೀಟಿ

ಒಂದೇ ನಂಬರಿನ ಎರಡು ಚೀಟಿಗಳನ್ನು ನಾನು ನೋಡಿದ್ದು ಮಾನ್ವಿಯ ಕಲ್ಯಾಣ ಮಂಟಪವೊಂದರ ಬಾಗಿಲಲ್ಲಿ, ಬೆಳಗಿನ ಒಂಬತ್ತೂವರೆಗೆ. ಒಂದು ಹಳದಿ ಚೀಟಿ, ಕುರ್ಡಿಯಿಂದ ಬಂದಿದ್ದ ನನ್ನ ಸೋದರತ್ತೆಯ ಕೈಯಲ್ಲಿ. ಇನ್ನೊಂದು ಬಿಳಿಯದು, ದೇವದುರ್ಗದ ಕಡೆಯಿಂದ ಬಂದಿದ್ದ ಮುದುಕಿಯೊಬ್ಬಳ ಕೈಯಲ್ಲಿ. ಎರಡರ ಮೇಲೂ ಹದಿನೇಳು. ಕಣ್ಣಿನ ಆಪರೇಷನ್ನಿಗೆ ಕರೆದಿದ್ದು ನಲವತ್ತು ಮಂದಿಯನ್ನು, ಅಂಗಳದಲ್ಲಿ ನಿಂತಿದ್ದವರು ಎಂಬತ್ತು. ಇವತ್ತಿಗೂ ಬ್ಯಾಂಕಿನಲ್ಲೋ ದವಾಖಾನೆಯಲ್ಲೋ ಯಾರಾದರೂ ಹದಿನೇಳು ಎಂದು ಕೂಗಿದರೆ ಎಷ್ಟು ಕೈ ಮೇಲೆದ್ದವು ಎಂದು ತಿರುಗಿ ನೋಡುತ್ತೇನೆ.

ನಾನು ರಾಯಚೂರಿನಲ್ಲಿ ಪ್ರಚಾರದ ಕೆಲಸ ಮಾಡುವವಳು. ಬೋರ್ಡಿನ ಮೇಲೆ ಜಾಹೀರಾತು ಸಂಸ್ಥೆ ಎಂದು ದೊಡ್ಡದಾಗಿ ಬರೆಸಿದ್ದೇನೆ. ಒಳಗೆ ಬಂದು ನೋಡಿದರೆ ಎರಡು ಕಂಪ್ಯೂಟರ್, ಡಿಸೈನ್ ಮಾಡುವ ಒಬ್ಬ ಹೆಣ್ಣುಮಗಳು, ಸದ್ದು ಮಾರ್ದನಿಸದಂತೆ ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ ಒಂದು ಗೂಡಿನಂಥ ಕೋಣೆ, ಅದರೊಳಗೆ ಒಂದು ಮೈಕು. ಆ ಗೂಡಿನಲ್ಲಿ ಕುಳಿತು ನಾನು ಆಡಿದ ಮಾತು ಆಟೋದ ಮೇಲೆ ಕಟ್ಟಿದ ಹಾರ್ನಿನಿಂದ ಸಿರವಾರ, ಮಾನ್ವಿ, ದೇವದುರ್ಗದ ಓಣಿಗಳಲ್ಲೆಲ್ಲ ತಿರುಗುತ್ತದೆ. ಸೀರೆ ಅಂಗಡಿ, ಟ್ಯೂಷನ್, ಟ್ರ್ಯಾಕ್ಟರ್ ಶೋರೂಮ್, ಎಲ್ಲಕ್ಕೂ ನನ್ನದೇ ದನಿ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೂ, "ನೀವು ಆ ಸೀರಿ ಅಂಗಡಿಯವರಲ್ರಿ?" ಎಂದು ಕೇಳುತ್ತಾರೆ. ಅಲ್ಲ ಎಂದು ನಾನು ಒಂದು ದಿನವೂ ಹೇಳಲಿಲ್ಲ. ನಕ್ಕು ಸುಮ್ಮನಾಗುತ್ತಿದ್ದೆ. ಹಿಗ್ಗಿತ್ತು, ಸುಳ್ಳು ಯಾಕೆ ಹೇಳಲಿ.

ಈ ದನಿ ನನಗೆ ಬಂದದ್ದು ತಾತನಿಂದ ಎಂದು ಅತ್ತೆ ಹೇಳುತ್ತಾಳೆ. ಅಪ್ಪನ ಅಪ್ಪ ಮಟಮಾರಿಯಲ್ಲಿ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದ. ಕಲಿತ ಕಸುಬಲ್ಲ ಅದು, ಹುಟ್ಟಿದಾಗಲೇ ಕೊರಳಿಗೆ ಬಿದ್ದ ಚಾಕರಿ. ಊರಿನ ಮಾತನ್ನೆಲ್ಲ ಊರಿಗೆ ಮುಟ್ಟಿಸಬೇಕಾದವನು ಅವನು, ಅವನ ಮನೆ ಮಾತ್ರ ಊರ ಹೊರಗೆ. ಅಪ್ಪ ಆ ಹಲಗೆಯನ್ನು ಮುಟ್ಟಲೇ ಇಲ್ಲ. ಓದಿ ಸಾಲಿ ಮಾಸ್ತರನಾಗಿ ರಾಯಚೂರಿಗೆ ಬಂದ. ನಾನು ಮೈಕು ಕೊಂಡು ತಂದ ದಿನ ಊಟದ ತಾಟು ಸರಿಸಿ, "ಹಲಗಿ ಬಿಟ್ಟು ಮ್ಯಾಲ ಬಂದೀವಿ ಅನ್ಕೊಂಡಿದ್ದೆ. ನೀ ಅದಕ್ಕ ಕರೆಂಟ್ ಹಚ್ಚೀದಿ ನೋಡು," ಎಂದ. ಆಮೇಲೆ ನನ್ನ ದನಿ ಓಣಿಯಲ್ಲಿ ಹಾದುಹೋದಾಗಲೆಲ್ಲ ಕಿಟಕಿ ತೆರೆದು ಕೇಳುತ್ತಿದ್ದ ಎನ್ನುವುದು ಬೇರೆ ಮಾತು.

ತಾತನ ಒಂದು ಹಟದ ಕತೆಯನ್ನು ಅತ್ತೆ ನೂರು ಸಲ ಹೇಳಿದ್ದಾಳೆ. ಚಾವಡಿಯಿಂದ ಯಾರಾದರೂ ಬಂದು ಇಂಥದ್ದು ಸಾರು ಎಂದರೆ ಅವನು ಹಲಗೆ ಎತ್ತಿಕೊಳ್ಳುವ ಮೊದಲು ಕೈ ಮುಗಿದು ನಿಲ್ಲುತ್ತಿದ್ದನಂತೆ. "ಯಪ್ಪಾ, ಮಾತು ನಿಮ್ಮದು, ನೀವೂ ಸಂಗಾಟ ನಡೀರಿ. ಕಾಲುವೀಗೆ ನೀರು ಬರ್ತದ ಅಂತ ನಾ ಸಾರಿ, ನೀರು ಬರಲಿಲ್ಲಂದ್ರ ಮಂದಿ ಬಡಿಯೋದು ನನ್ನ." ಹೇಳಿದವನು ಬಾಜೂಕ ನಡೆದರೇನೇ ತಾತನ ಹಲಗೆ ಸದ್ದು ಮಾಡುತ್ತಿತ್ತು. ಬೈಸಿಕೊಂಡನಂತೆ, ಒಂದೆರಡು ಸಲ ಏಟೂ ತಿಂದನಂತೆ, ಹಟ ಬಿಡಲಿಲ್ಲವಂತೆ. ನಾನು ಇದನ್ನು ಹಳೇ ಕಾಲದ ಹೆದರಿಕೆ ಎಂದುಕೊಂಡು ನಗುತ್ತಿದ್ದೆ.

ಅತ್ತೆ ಕೌದಿ ಹೊಲಿಯುವವಳು. ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಇರುವೆ ಸಾಲಿನಂಥ ಹೊಲಿಗೆ ಹಾಕುತ್ತಾಳೆ. ಎರಡು ವರ್ಷದಿಂದ ಬಲಗಣ್ಣಿಗೆ ಪೊರೆ ಬಂದು ಅದು ಪೂರ್ತಿ ಮುಚ್ಚಿತ್ತು, ಎಡಗಣ್ಣಿನಲ್ಲಿ ಆಟ ನಡೆಸಿದ್ದಳು. ಆ ಹೊತ್ತಿಗೆ ಅವಳ ಮೊಮ್ಮಗಳು ಬಸುರಿ, ಇನ್ನು ಮೂರು ತಿಂಗಳಿಗೆ ಹೆರಿಗೆ. ಹುಟ್ಟುವ ಕೂಸಿಗೆ ಕೌದಿ ಹೊಲಿದು ಅದರ ಮೇಲೆ ಮಲಗಿಸಿ ಮುಖ ನೋಡಬೇಕು, ಅದೊಂದೇ ಅವಳ ಜಪ. "ಕಣ್ಣೊಂದು ಬರಲಿ ಬೇ, ಆಮ್ಯಾಲ ಯಮ ಬಂದ್ರೂ ಕುಂದ್ರಸಿ ಚಾ ಕೊಡ್ತೀನಿ," ಎನ್ನುತ್ತಿದ್ದಳು.

ಹೀಗಿರುವಾಗ ರಾಯಚೂರಿನ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯವರು ಮಾನ್ವಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದರ ಪ್ರಚಾರಕ್ಕೆಂದು ನಲವತ್ತು ಮಂದಿಗೆ ಬಿಟ್ಟಿ ಆಪರೇಷನ್ ಶಿಬಿರ. ಪೊರೆ ಇದೆ ಎಂದು ಈಗಾಗಲೇ ತಪಾಸಣೆಯಾದವರು ನಮ್ಮ ಭಾಗದಲ್ಲಿ ನೂರಾರು ಜನ, ಅವರಲ್ಲಿ ಮೊದಲು ಕೇಳಿದ ನಲವತ್ತು ಮಂದಿಗೆ ನಂಬರ್ ಹಾಕಿದ ಚೀಟಿ ಕೊಡುವುದು ಎಂದು ಯೋಜನೆ. ಕೆಲಸ ನನಗೆ ಬಂತು. ಒಪ್ಪಂದದ ಹಾಳೆಯಲ್ಲಿ ಇದ್ದುದು ಮೂರೇ ಸಾಲು. ಧ್ವನಿಮುದ್ರಣ, ಆರು ದಿನ ಎರಡು ಆಟೋ, ಹತ್ತು ಫ್ಲೆಕ್ಸ್. ಚೀಟಿಯ ಮಾತು ಅದರಲ್ಲಿ ಇರಲಿಲ್ಲ. ಕೆಳಗೆ ಆಸ್ಪತ್ರೆಯ ಮ್ಯಾನೇಜರ್ ಸಹಿ, ನನ್ನ ಸಹಿ.

ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು, ಯಾವಾಗಲೂ ಬೆವರು. ಸಹಿಯಾದ ಮರುದಿನವೇ ಅವರ ಫೋನು ಶುರುವಾಯಿತು. "ಮೇಡಂ, ಒಂದ್ ಸಣ್ಣದದ ರೀ." ಮೊದಲನೇ ಸಣ್ಣದು ವೇದಿಕೆಯ ಬ್ಯಾನರ್. ಎರಡನೆಯದು ಡಾಕ್ಟರರ ಒಂದು ರೀಲ್. ಆಮೇಲೆ ಅತಿಥಿಗಳ ಫೋಟೋ ಯಾರದು ದೊಡ್ಡದು ಯಾರದು ಚಿಕ್ಕದು ಎನ್ನುವ ಪಂಚಾಯಿತಿ, ಆಮೇಲೆ ಶಾಲು, ಹಾರ, ಕುರ್ಚಿ, ಉಪ್ಪಿಟ್ಟು ಮಾಡುವವರಿಗೆ ಹೇಳುವುದು. ಕಡೆಗೆ, "ಸ್ವಾಗತ ನೀವ ಮಾಡಿಬಿಡ್ರಿ ಮೇಡಂ, ಹೆಂಗೂ ನಿಮ್ಮ ದನಿ ಮಂದಿಗೆ ಗೊತ್ತದ." ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ ಎಂದು ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ, ಫೋನಿನಲ್ಲಿ ಮಾತ್ರ "ಆಯ್ತ್ರಿ ಸರ್." ಅದು ನನ್ನ ಕೆಲಸ ಅಲ್ಲ ಎಂದು ಬಾಯಿಬಿಟ್ಟು ಹೇಳುವುದು ನಮ್ಮ ಕಡೆ ಬೈಗುಳಕ್ಕೆ ಸಮ. ಹಾಗಂದವರಿಗೆ ಸೊಕ್ಕು ಅನ್ನುತ್ತಾರೆ, ಹೆಣ್ಣುಮಗಳಾದರೆ ಇನ್ನೂ ಎರಡು ಮಾತು ಸೇರಿಸುತ್ತಾರೆ. ನನ್ನದು ಹೌದಪ್ಪನ ಚಾವಡಿ. ಅಲ್ಲಪ್ಪನಿಗೆ ಅಲ್ಲಿ ಜಾಗವೇ ಇರಲಿಲ್ಲ.

ಧ್ವನಿಮುದ್ರಣದ ಕೊನೆಗೆ ಒಂದು ಒಳ್ಳೇ ಸಾಲು ಬೇಕಿತ್ತು. ಮ್ಯಾನೇಜರ್, "ನೀವ ಏನರ ಛಲೋದು ಹಾಕ್ರಿ," ಎಂದರು. ನಾನು ಹಾಕಿದೆ. "ಕಣ್ಣು ನಿಮ್ಮದು, ಹೊಣೆ ನಮ್ಮದು." ಗೂಡಿನಲ್ಲಿ ಕುಳಿತು ನಾಲ್ಕು ಸಲ ಹೇಳಿ, ನಾಲ್ಕನೆಯದನ್ನು ಉಳಿಸಿಕೊಂಡೆ. ಅದರಲ್ಲಿ "ಹೊಣೆ" ಎನ್ನುವಾಗ ನನ್ನ ದನಿ ಸ್ವಲ್ಪ ನಡುಗಿತ್ತು, ಬಹಳ ಚೆನ್ನಾಗಿತ್ತು.

ಚೀಟಿ ಹಂಚುವ ಕೆಲಸವೂ ಮಿಕ್ಕ ಸಣ್ಣದುಗಳ ಹಾಗೆಯೇ ಬಂತು, ಮ್ಯಾನೇಜರೇ ವಹಿಸಿದರು ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ನಮ್ಮ ಹುಡುಗಿ ಒಂದರಿಂದ ನಲವತ್ತರವರೆಗೆ ಹಳದಿ ಚೀಟಿ ಮಾಡಿದಳು. ಆಟೋ ಓಡಿಸುವ ಅಣ್ಣನ ಕೈಗೆ ಅವನ್ನು ಕೊಟ್ಟು, "ಕುರ್ಡಿಯಾಗ ನಮ್ಮ ಅತ್ತಿ ಇದ್ದಾಳ, ಅಕೀಗೆ ಒಂದು ಮರೀಬ್ಯಾಡ್ರಿ," ಎಂದೆ. ಅವನು ಮರೆಯಲಿಲ್ಲ. ಮಾನ್ವಿ, ಸಿರವಾರದ ಹಳ್ಳಿಗಳಲ್ಲಿ ಎರಡೇ ದಿನದಲ್ಲಿ ಚೀಟಿ ಖಾಲಿಯಾದವು. ದೇವದುರ್ಗದ ಕಡೆಗೆ ಒಂದೂ ಉಳಿಯಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಬೇಜಾರೂ ಆಯಿತು. ಆದರೆ ಆಟೋ ಆರೂ ದಿನ ಅಲ್ಲಿಯೂ ಕೂಗಿತು. ಹಾಳೆಯಲ್ಲಿ ಆರು ದಿನ ಎಂದಿತ್ತಲ್ಲ.

ಶಿಬಿರದ ಬೆಳಿಗ್ಗೆ ನಾನು ಮಂಟಪ ಮುಟ್ಟುವ ಹೊತ್ತಿಗೆ ಆಟೋದ ಅಣ್ಣ ಗೇಟಿನಲ್ಲೇ ನಿಂತಿದ್ದ. "ಮೇಡಂ, ಏನೋ ಗಲತ್ ಆಗ್ಯಾದ್ರಿ. ನಾ ಕೊಟ್ಟಿದ್ದು ಹಳದಿ. ಮಂದಿ ಕೈಯಾಗ ಬಿಳಿನೂ ಅದಾವು." ಅಂಗಳದಲ್ಲಿ ಸಾಲು ಇರಲಿಲ್ಲ, ಗುಂಪಿತ್ತು. ಮುದುಕರು, ಮುದುಕಿಯರು, ಕೈ ಹಿಡಿದು ಕರೆತಂದ ಸೊಸೆಯರು. ಬಹಳ ಮಂದಿ ಹೆದರಿಕೆಗೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಒಂದನೇ ನಂಬರಿನಿಂದಲೂ ಇಬ್ಬಿಬ್ಬರು ಎದ್ದು ಬಾಗಿಲಲ್ಲಿ ಗೊಂದಲ ನಡೆದಿತ್ತು; ನಾನು ಹತ್ತಿರ ಹೋದಾಗ ನರ್ಸ್ ಹದಿನೇಳು ಎಂದು ಕೂಗಿದಳು, ಎರಡು ಕಡೆಯಿಂದ ಎರಡು ಕೈ ಮೇಲೆದ್ದವು. ಅತ್ತೆ ತನ್ನ ಚೀಟಿಯನ್ನು ಮುಂದೆ ಹಿಡಿದಳು. ದೇವದುರ್ಗದ ಮುದುಕಿಯ ಪರವಾಗಿ ಅವಳ ಮಗಳು ಬಿಳಿ ಚೀಟಿ ಹಿಡಿದಳು, ಏಕೆಂದರೆ ಆ ಅವ್ವನಿಗೆ ಬಾಗಿಲು ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ.

"ಬಿಳಿ ನಮ್ದ್ರಿ," ಎಂದರು ಮ್ಯಾನೇಜರ್. "ನಮ್ಮ ನರ್ಸ್‌ಗಳು ದೇವದುರ್ಗದ ಕಡೆ ಹಂಚ್ಯಾರ, ನಲವತ್ತು. ಈ ಹಳದಿ ಯಾವುದ್ರಿ?"

"ನಮ್ದು. ನೀವ ಹೇಳಿದ್ರಲ್ಲಾ ಸರ್, ಚೀಟಿ ನೀವ ಹಂಚ್ರಿ ಅಂತ."

"ನಾ ಯಾವಾಗ ಹೇಳೀನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನದ ಶಾಲು, ಹಾರ, ಉಪ್ಪಿಟ್ಟು ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ತಡ್ರಿ, ತೋರಸ್ತೀನಿ," ಎಂದು ಫೋನು ತೆಗೆದೆ. ಸುತ್ತ ಜನ ಕೂಡಿದರು. ಕೂಡಲಿ, ಎಲ್ಲರ ಮುಂದೆಯೇ ಇತ್ಯರ್ಥವಾಗಲಿ ಎಂದುಕೊಂಡೆ. ಹಿಂದಕ್ಕೆ ಹಿಂದಕ್ಕೆ ಹೋಗಿ ಅವರ ಸಂದೇಶ ಹುಡುಕಿದೆ. ಸಿಕ್ಕಿತು. ಒಂದೇ ಸಾಲು. "ಚೀಟಿ ಹೆಂಗ ಮಾಡೂಣ್ರಿ ಮೇಡಂ?" ಅಷ್ಟೇ. ಅದು ಬರೀ ಕೇಳಿದ ಮಾತು, ಹೇಳಿದ ಮಾತಲ್ಲ. ಅದರ ಕೆಳಗೆ ನನ್ನದೊಂದು ಧ್ವನಿ ಸಂದೇಶವಿತ್ತು, ಎರಡು ನಿಮಿಷದ್ದು. ಬರೆಯುವುದಕ್ಕಿಂತ ಮಾತಾಡುವುದು ನನಗೆ ಸಲೀಸು, ಗಿರಾಕಿಗಳಿಗೆಲ್ಲ ಹಾಗೇ ಕಳಿಸುತ್ತೇನೆ. ಒತ್ತಿದೆ. ನನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಕೆಲಸದ ಚಾಳಿ.

ನನ್ನ ದನಿ ಅಂಗಳದಲ್ಲಿ ಖಣಖಣ ಕೇಳಿತು. ಒಂದೂಮುಕ್ಕಾಲು ನಿಮಿಷ ಫ್ಲೆಕ್ಸ್ ಎಲ್ಲೆಲ್ಲಿ ಕಟ್ಟಬೇಕು ಎಂಬ ಪುರಾಣ. ಕೊನೆಗೆ, ನಗುತ್ತಾ, "ಚೀಟೀದು ಚಿಂತಿ ಬಿಡ್ರಿ ಸರ್, ಆಟೋ ಹೆಂಗೂ ಊರೂರು ಹೋಗ್ತದ, ನಾವ ಮಾಡಿಸಿ ಹಂಚಿಬಿಡ್ತೀವಿ. ಅದೇನ್ ದೊಡ್ಡ ಕೆಲಸ."

ಯಾರೂ ವಹಿಸಿರಲಿಲ್ಲ. ನಾನೇ ಎಳೆದುಕೊಂಡಿದ್ದೆ. ಎಳೆದುಕೊಂಡದ್ದನ್ನು ಮರೆತು, ಅವರು ಹೊರಿಸಿದರು ಎಂದು ತಿಂಗಳಿಡೀ ಬೈದುಕೊಂಡಿದ್ದೆ. ನನ್ನ ದನಿಯನ್ನು ಬಿಟ್ಟು ಬೇರೆ ಯಾವ ಸಾಕ್ಷಿ ಬಂದಿದ್ದರೂ ನಾನು ಸುಳ್ಳು ಎನ್ನುತ್ತಿದ್ದೆ. ಕಕ್ಕಾಬಿಕ್ಕಿಯಾಗಿ ಫೋನಿನ ಪರದೆಯನ್ನೇ ನೋಡುತ್ತ ನಿಂತೆ, ಇನ್ನೊಬ್ಬಳು ಯಾರೋ ಅದರೊಳಗೆ ಕುಳಿತು ಮಾತಾಡಿದ್ದಾಳೆ ಎನ್ನುವ ಹಾಗೆ.

ಮ್ಯಾನೇಜರ್ ಮುಖವೂ ಬಿಳಿಚಿತ್ತು. "ನಾ ಅದನ್ನ ಪೂರಾ ಕೇಳಲಿಲ್ಲರಿ ಮೇಡಂ," ಎಂದರು ಮೆಲ್ಲಗೆ. "ಫ್ಲೆಕ್ಸಿನ ವಿಷಯ ಅನ್ಕೊಂಡು ಅರ್ಧಕ್ಕ ಬಿಟ್ಟೆ. ನಿಮ್ಮ ಕಡಿಂದ ಉತ್ತರ ಬರಲಿಲ್ಲ ಅಂತ ನಾವ ಹಂಚಿದ್ವಿ." ಯಾರೂ ಮಾಡದೆ ಕೆಲಸ ಕೆಡುವುದನ್ನು ನಾನು ಬಹಳ ನೋಡಿದ್ದೇನೆ. ಇಬ್ಬರೂ ಮಾಡಿ ಕೆಟ್ಟದ್ದು ಇದೊಂದೇ.

ಗುಂಪಿನಲ್ಲಿ ಒಬ್ಬ ಮುದುಕ, ಎರಡೂ ಕಣ್ಣು ಹಾಲಿನಂತೆ ಬೆಳ್ಳಗಾಗಿದ್ದವನು, ಕಿವಿಯನ್ನು ನನ್ನ ಕಡೆ ತಿರುಗಿಸಿದ. "ಅದ ದನಿ ಐತಿ ನೋಡು. ಆಟೋದಾಗಿಂದು." ಇನ್ನೊಬ್ಬಳು, "ಹೊಣಿ ನಮ್ಮದು ಅಂತ ಒದರಿದ್ದಿ ಅಲ್ಲಬೇ ಯವ್ವಾ, ಈಗ ಹೇಳು," ಎಂದಳು. ಆಸ್ಪತ್ರೆಯ ಹೆಸರು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಫ್ಲೆಕ್ಸಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಇದ್ದರೂ ಅಲ್ಲಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಅವರು ಬಂದದ್ದು ಕೇಳಿದ್ದನ್ನು ನಂಬಿ. ಈ ಸಣ್ಣ ಸಂಗತಿ, ಇಷ್ಟು ವರ್ಷ ಪ್ರಚಾರದಲ್ಲಿದ್ದ ನನಗೆ, ಆವತ್ತು ಆ ಅಂಗಳದಲ್ಲಿ ಹೊಳೆಯಿತು.

ಮ್ಯಾನೇಜರ್ ನನ್ನನ್ನು ಮಂಟಪದ ಹಿಂದಿನ ಅಡುಗೆ ಕೋಣೆಗೆ ಕರೆದೊಯ್ದರು. ಅಲ್ಲಿ ಉಪ್ಪಿಟ್ಟಿನ ದೊಡ್ಡ ಪಾತ್ರೆ ಹೊಗೆಯಾಡುತ್ತಿತ್ತು. ಅವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಮೇಡಂ, ಮೊದಲನೇ ದಿನನ ಆಸ್ಪತ್ರಿ ಹೆಸರು ಕೆಡಬಾರದು. ಹಳದಿ ಚೀಟಿ ನಮ್ಮ ತಪ್ಪು, ಆಸ್ಪತ್ರೀದು ಏನೂ ಇಲ್ಲ ಅಂತ ಮೈಕಿನ್ಯಾಗ ನೀವ ಹೇಳಿಬಿಡ್ರಿ. ನಿಮ್ಮ ಅತ್ತೀದು ನಾ ಹೆಂಗರ ಮಾಡಿ ಒಳಗ ಸೇರಸ್ತೀನಿ. ಒಂದ್ ಸಣ್ಣದದ ರೀ."

ಕಿಟಕಿಯಿಂದ ಅತ್ತೆ ಕಾಣುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು, ಬಟ್ಟೆಯ ಮಡಿಕೆ ನೋಡುವಂತೆ. ಪಕ್ಕದಲ್ಲೇ ಆ ಇನ್ನೊಬ್ಬ ಹದಿನೇಳು. ಇಬ್ಬರೂ ಏನೋ ಮಾತಾಡುತ್ತಿದ್ದರು. ನಾನು ಕೂಡಲೇ ಬೇಡ ಎಂದೆ ಎಂದು ಬರೆದರೆ ಅದು ಶುದ್ಧ ಸುಳ್ಳು. ಒಳಗೊಳಗೆ ಒಪ್ಪಿಬಿಟ್ಟೆ. ಮೈಕಿನಲ್ಲಿ ಏನು ಹೇಳಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ಲೆಕ್ಕ ಹಾಕತೊಡಗಿದ್ದೆ. ಇಷ್ಟು ಸಲೀಸಾಗಿ ನಾನು ಒಪ್ಪಬಲ್ಲೆ ಎಂಬುದಕ್ಕೆ ನನಗೇ ಗಾಬರಿಯಾಯಿತು. ಆ "ಒಂದ್ ಸಣ್ಣದು" ಅವರು ಅನ್ನದೇ ಇದ್ದಿದ್ದರೆ ಬಹುಶಃ ಹಾಗೇ ನಡೆದುಬಿಡುತ್ತಿತ್ತು. ಆ ಮಾತು ಕೇಳಿದ ಕೂಡಲೇ ಎಲ್ಲಿತ್ತೋ ಸಿಟ್ಟು, ಮತ್ತೆ ಬಂತು. ಈ ಸಲ ಅರ್ಧ ನನ್ನ ಮೇಲೆ.

"ಹೇಳ್ತೀನಿ ಸರ್," ಎಂದೆ. "ಆದ್ರ ನೀವು ನನ್ನ ಬಾಜೂಕ ನಿಂದರ್ರಿ. ಮಾತು ಇಬ್ಬರದೂ ಅದ."

"ನಾ ಯಾಕ್ರಿ?"

"ನೀವು ನಿಂತ್ರ ಮೈಕ್ ಹಿಡೀತೀನಿ. ಇಲ್ಲಂದ್ರ ಇಲ್ಲೇ ಉಪ್ಪಿಟ್ಟು ತಿನಕೋತ ಕುಂದರ್ತೀನಿ, ಹೊರಗಿನ ಮಂದೀಗೆ ನೀವ ಹೇಳ್ಕೋರಿ."

ಹೊರಗೆ ಗದ್ದಲ ಏರುತ್ತಿತ್ತು. ಅವರು ಬಂದರು. ವೇದಿಕೆಯ ಮೇಲೆ, ನಾನೇ ಮಾಡಿಸಿದ ಬ್ಯಾನರಿನ ಕೆಳಗೆ, ಅತಿಥಿಗಳಿಗೆಂದು ತಂದ ಶಾಲುಗಳ ಪಕ್ಕ, ಇಬ್ಬರೂ ನಿಂತೆವು. ನನ್ನ ಬಾಯಿಂದ ಮೊದಲು ಬಂದದ್ದು ಆ ಆಟೋದ ದನಿಯೇ, "ಆತ್ಮೀಯ ಬಂಧುಗಳೇ..." ಎಂದು. ಥೂ ಎನ್ನಿಸಿ ನಿಲ್ಲಿಸಿದೆ. ಮನೆಯ ದನಿಯಲ್ಲಿ ಹೇಳಿದೆ. "ಹಳದಿ ಚೀಟಿ ನಾ ಹಂಚೀನಿ. ಬಿಳಿ ಚೀಟಿ ಇವರು ಹಂಚ್ಯಾರ. ನಾ ಹಂಚ್ತೀನಿ ಅಂತ ಅಂದಿದ್ದೆ, ಇವರಿಗೆ ಮುಟ್ಟೇತೋ ಇಲ್ಲೋ ಅಂತ ಕೇಳಲಿಲ್ಲ. ಇವರು ನನ್ನ ಮಾತು ಪೂರಾ ಕೇಳಲಿಲ್ಲ. ತಪ್ಪು ಇಬ್ಬರದೂ ಅದ. ನಲವತ್ತು ಮಂದೀಗೆ ಅಷ್ಟ ಇವತ್ತು ಆಗ್ತದ. ಹೊಣಿ ನಮ್ಮದು ಅಂದಿದ್ದೆ, ಅದು ನಾ ಅನ್ನೋ ಮಾತ ಅಲ್ಲ. ಬೈಯೋರು ಬೈರಿ, ಇಲ್ಲೇ ಇರ್ತೀವಿ." ಮ್ಯಾನೇಜರ್ ನನ್ನ ಬಾಜೂಕ ತಲೆ ಬಗ್ಗಿಸಿ ನಿಂತಿದ್ದರು. ಓಡಿಹೋಗಲಿಲ್ಲ, ಅಷ್ಟು ಅವರ ಪಾಲಿಗೆ ಹೇಳಲೇಬೇಕು. ಬೈದರು. ಹೊಟ್ಟೆ ತುಂಬ ಬೈಸಿಕೊಂಡೆವು.

ಅಷ್ಟರಲ್ಲಿ ಒಳಗಿನಿಂದ ಡಾಕ್ಟರಮ್ಮ ಬಂದರು. ವಯಸ್ಸಾದವರು, ಸಿಡುಕು ಮೋರೆ. "ಹಳದಿ ಬಿಳಿ ಎರಡೂ ಕಸದ ಬುಟ್ಟಿಗೆ ಹಾಕ್ರಿ," ಎಂದರು. "ನಾ ಚೀಟಿ ನೋಡಂಗಿಲ್ಲ, ಕಣ್ಣು ನೋಡ್ತೀನಿ. ಎರಡೂ ಕಣ್ಣು ಹೋದವರು ಮೊದಲು." ಹತ್ತು ಮಾತಿನಲ್ಲಿ ಮುಗಿಯಿತು. ನಾವು ಒಂದು ತಿಂಗಳು ಮಾಡಿದ್ದಕ್ಕೆಲ್ಲ ಆ ಹತ್ತು ಮಾತಿನಷ್ಟು ಬುದ್ಧಿ ಇರಲಿಲ್ಲ.

ಬಿಳಿ ಹದಿನೇಳು ಒಳಗೆ ಹೋದಳು. ಅವಳಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಅತ್ತೆಯ ಎಡಗಣ್ಣಿಗೆ ಡಾಕ್ಟರಮ್ಮ ಬ್ಯಾಟರಿ ಬಿಟ್ಟು, "ಇದು ಇನ್ನ ಕಾಣ್ತದ, ನಿಮ್ಮದು ತಡದ್ರ ನಡೀತದ," ಎಂದು ಭುಜ ತಟ್ಟಿ ಕಳಿಸಿದರು. ಅತ್ತೆ ಜಗಳವಾಡಲಿಲ್ಲ. ಆ ಮುದುಕಿಯ ಮಗಳಿಗೆ, "ನಿಮ್ಮವ್ವನ್ನ ಮೆಟ್ಟಲ ಮ್ಯಾಲ ಹುಷಾರಿ ಹಿಡಕೋ," ಎಂದಳು. ನನಗೆ ಸಮಾಧಾನವಾಯಿತು. ಹೋಗಲಿ, ಇನ್ನೊಂದು ಕಡೆ ತೋರಿಸಿದರಾಯಿತು, ದೊಡ್ಡ ಅನ್ಯಾಯವೇನೂ ಆಗಲಿಲ್ಲ ಎಂದುಕೊಂಡೆ.

ಕುರ್ಡಿಯ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕುಳಿತಳು. ಭತ್ತದ ಗದ್ದೆಗಳು ಸರಿಯುತ್ತಿದ್ದವು. ಆಮೇಲೆ ನಾನೇ, "ರಾಯಚೂರಿನ ಸರಕಾರಿ ದವಾಖಾನಿಗೆ ಹೆಸರು ಬರಸೂಣು ಅತ್ತಿ," ಎಂದೆ.

"ಬರಸಿದ್ದೆ," ಎಂದಳು.

"ಯಾವಾಗ?"

"ಆರು ತಿಂಗಳಾತು. ಹ್ವಾದ ಸೋಮವಾರ ಬರ್ರಿ ಅಂದಿದ್ರು. ನಿಮ್ಮ ಮಾವ ಕರಕೊಂಡು ಹೋಗ್ತೀನಿ ಅಂದ. ನಾನ ಬ್ಯಾಡಂದೆ."

"ಯಾಕ ಅತ್ತಿ?"

"ಆಟೋದಾಗ ನೀ ಕರದಿದ್ದಿ ಅಲ್ಲಬೇ. ಪರದೇಶಿ ಹಂಗ ಆ ಸಾಲಿನ್ಯಾಗ ಯಾಕ ನಿಂದ್ರಬೇಕು, ನಮ್ಮ ಹುಡುಗಿ ಹೊಣಿ ಹೊತ್ತಾಳ ಅಂದೆ."

ಇದನ್ನು ಅವಳು ಬೈದು ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಳದಲ್ಲಿ ಎಂಬತ್ತು ಮಂದಿಯ ಬೈಗುಳ ತಿಂದು ಬಂದವಳಿಗೆ ಅತ್ತೆಯ ಆ ಒಂದು ಮಾತು ಭಾರವಾಯಿತು. ಎಷ್ಟು ಮಂದಿ ಹೀಗೆ ಬೇರೆ ಸಾಲು ಬಿಟ್ಟು ನನ್ನ ದನಿಯ ಹಿಂದೆ ಬಂದಿದ್ದರೋ, ಯಾರನ್ನು ಕೇಳಲಿ? ಮಟಮಾರಿಯ ಹಲಗೆಯವನ ಹಟ ಹೆದರಿಕೆಯಲ್ಲ ಎಂದು ಆಗ ತಿಳಿಯಿತು. ಅವನನ್ನು ನಂಬುವವರು ಯಾರು ಯಾರು ಎಂದು ಅವನಿಗೆ ಗೊತ್ತಿತ್ತು.

ಮರುದಿನವೇ ದವಾಖಾನೆಗೆ ಹೋದೆ. ಬಿಟ್ಟ ಸರದಿ ಬಿಟ್ಟಹಾಗೆ, ಹೊಸದಾಗಿ ಹೆಸರು ಬರೆಸಿದರೆ ನಾಲ್ಕು ತಿಂಗಳು ಆಚೆಗೆ ತಾರೀಖು ಸಿಕ್ಕಿತು. ಖಾಸಗಿಯಲ್ಲಿ ಮಾಡಿಸೋಣ ಎಂದೆ. ಅತ್ತೆ, "ಇನ್ನೊಮ್ಮಿ ಸರದಿ ಬಿಟ್ಟು ಓಡಂಗಿಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿದಳು. ಅವಳ ಅಪ್ಪನ ಮಗಳು.

ನನ್ನ ಕೆಲಸದ ರೀತಿ ಬದಲಾಯಿತು. ಈಗ ಒಪ್ಪಂದದ ಹಾಳೆಯ ನಡುವೆ ಒಂದು ಗೆರೆ ಇರುತ್ತದೆ. ಎಡಕ್ಕೆ ನಮ್ಮ ಕೆಲಸ, ಬಲಕ್ಕೆ ಅವರದು. ಹೊಸದೇನಾದರೂ ಬಂದರೆ ಯಾವ ಕಡೆ ಎಂದು ಬರೆದು, ಇಬ್ಬರೂ ಓದಿ, ಇಬ್ಬರೂ ಸಹಿ ಮಾಡಿದ ಮೇಲೇ ಕೈ ಹಚ್ಚುವುದು. ಧ್ವನಿ ಸಂದೇಶ ಬಂದ್. ಇನ್ನೊಂದು ನಿಯಮವೂ ಇದೆ, ಅದಕ್ಕೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ. ಧ್ವನಿಮುದ್ರಣದ ಹೊತ್ತಿಗೆ ಮಾತು ಯಾರದೋ ಅವರು ಬಂದು ತತ್ತಿ ಟ್ರೇಯ ಆ ಗೂಡಿನಲ್ಲಿ ನನ್ನ ಬಾಜೂಕ ಕೂರಬೇಕು. ಶುರುವಿನಲ್ಲೇ, ಇದು ಇಂಥವರ ಮಾತು ಎಂದು ಹೇಳುತ್ತೇನೆ. ಇಬ್ಬರು ಗಿರಾಕಿಗಳು ಸೊಕ್ಕಿನ ಹೆಂಗಸು ಎಂದು ಬಿಟ್ಟುಹೋದರು. ಆ ಕಣ್ಣಿನ ಆಸ್ಪತ್ರೆಯ ಮ್ಯಾನೇಜರ್ ಮಾತ್ರ ಮತ್ತೆ ಬಂದರು, ಗೆರೆ ನೋಡಿ ನಕ್ಕು ಸಹಿ ಹಾಕಿದರು.

ಭಾನುವಾರಗಳಂದು ಕುರ್ಡಿಗೆ ಹೋಗುತ್ತಿದ್ದೆ. ಕೂಸಿನ ಕೌದಿ ನಿಲ್ಲಬಾರದು, ಅತ್ತೆಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಒಂದು ವಾರಕ್ಕೆ ಬೇಕಾದಷ್ಟು ಸೂಜಿಗಳಿಗೆ ದಾರ ಪೋಣಿಸಿ, ಒಂದು ಹಳೇ ರವಿಕೆಯ ತುಂಡಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದೆ. ಗೆರೆಯ ಹಾಳೆಯ ಕತೆ ಹೇಳಿದ ದಿನ ಅವಳು ಬಹಳ ನಕ್ಕಳು. "ಸೂಜಿ ಪೋಣಸೋದು ಯಾರ ಕಡೀಗೆ ಬರದೀಬೇ?" "ನನ್ನ ಕಡೀಗೆ ಅತ್ತಿ." "ಹಂಗಾರ ದಾರ ಜರಾ ಉದ್ದ ಬಿಡು. ಹ್ವಾದ ವಾರ ಗಿಡ್ಡ ಮಾಡಿಟ್ಟಿದ್ದಿ."

ಕೌದಿ ಮುಗಿಯಿತು. ಕೂಸು ಆಪರೇಷನ್ನಿನ ತಾರೀಖಿಗಿಂತ ಮೊದಲೇ ಬಂತು. ನಾನು ನೋಡಲು ಹೋದಾಗ ಅತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ತಡೆದರೆ ನಡೆಯುತ್ತದೆ ಎಂದಿದ್ದ ಎಡಗಣ್ಣಿಗೂ ಆ ಮೂರೂವರೆ ತಿಂಗಳಲ್ಲಿ ಮಂಜು ಕವಿದಿತ್ತು. ಅದನ್ನು ಅವಳು ನನಗೆ ಹೇಳಿರಲಿಲ್ಲ. ನನ್ನ ಹೆಜ್ಜೆ ಕೇಳಿ ಮುಖವೆತ್ತಿದಳು, ಆದರೆ ನಾನು ನಿಂತ ಕಡೆಗಲ್ಲ, ಬಾಗಿಲ ಕಡೆಗೆ. ಆಗ ನನಗೆ ಗೊತ್ತಾಯಿತು. ಯಾಕೆ ಹೇಳಲಿಲ್ಲ ಎಂದು ಕೂಗಿಬಿಟ್ಟೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಕೂಸಿನ ಮೂಗಿನ ಮೇಲೆ ಬೆರಳು ಆಡಿಸಿದಳು.

"ಎಲ್ಲಾರೂ ನಮ್ಮಪ್ಪನಂಗ ಅದ ಅನ್ನಾಕತ್ತಾರ. ನನ್ನ ಖುಷಿ ಮಾಡಾಕ ಅಂತಾರೋ ಏನೋ. ನೀ ನೋಡಿ ಹೇಳಬೇ. ನಿನ್ನ ದನೀಲೆ ಹೇಳು, ನಾ ನಂಬ್ತೀನಿ."

ಹೌದು ಎನ್ನುವುದು ಎಷ್ಟು ಸುಲಭವಿತ್ತು. ಬಾಯಿಯ ತುದಿಗೆ ಬಂದಿತ್ತು. ನಾನು ತಾತನನ್ನು ನೋಡಿಯೇ ಇಲ್ಲ, ನಾನು ಹುಟ್ಟುವ ಮೊದಲೇ ಹೋದವನು, ಅವನದೊಂದು ಫೋಟೋ ಕೂಡ ಇಲ್ಲ. ಆ ಮುಖ ಗೊತ್ತಿದ್ದವಳು ಆ ಮನೆಯಲ್ಲಿ ಅತ್ತೆಯೊಬ್ಬಳೇ.

"ನನಗ ಗೊತ್ತಿಲ್ಲ ಅತ್ತಿ," ಎಂದೆ. "ಅದು ನೀನ ನೋಡಿ ಹೇಳಬೇಕು. ಆಪರೇಷನ್ನಿಗೆ ಇನ್ನ ಹನ್ನೊಂದು ದಿನ ಅದ."

ಅವಳು ಕೂಸಿನ ಮುಖದಿಂದ ಬೆರಳು ತೆಗೆದು, ಕೌದಿಯ ಅಂಚು ಎಳೆದು ಅದಕ್ಕೆ ಹೊದಿಸಿ, "ಹಂಗಾರ ಅಲ್ಲೀತನಕ ನೀ ಬಾಜೂಕ ಕುಂದರು ಬಾ," ಎಂದಳು.